ಕೈಗೆ ಸಿಗೋ ಗಂಟೆಲ್ಲ ಪೈಲ್ಸ್ ಅಲ್ಲ

ಒಬ್ಬ ಹೆಣ್ಣುಮಗಳು ತಾಯಿಯನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಲೇಸರ್ ಆಪರೇಷನ್ನಿನ ದಿನ. ಅಡ್ವಾನ್ಸ್ ಕೂಡ ಕಟ್ಟಿ ಆಗಿತ್ತು. "ಪೈಲ್ಸ್ ಅಂತೆ ಡಾಕ್ಟ್ರೇ. ಮಗುವಿಗೆ ಇನ್ನೂ 7 ತಿಂಗಳು, ಹಾಲು ಕುಡಿಯುತ್ತೆ. ಈಗಲೇ ಮಾಡಿಸಬೇಕಾ?" ಎಂದು ಕೇಳಿದರು. ಅಲ್ಲಿ ಪರೀಕ್ಷೆ ಮಾಡಿದರಾ ಎಂದರೆ, ಇಲ್ಲ, ಫೋನಿನಲ್ಲಿದ್ದ ಫೋಟೋ ನೋಡಿ ಹೇಳಿದರು ಎಂದರು.

ಸಿಸ್ಟರ್ ಪರದೆ ಎಳೆದರು. ಎಡ ಮಗ್ಗುಲಿಗೆ ಮಲಗಿಸಿ, ಮಂಡಿ ಮಡಚಿಸಿ ನೋಡಿದೆ. ಮಲದ್ವಾರದ ಅಂಚಿನಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಚರ್ಮದ ಮಡಿಕೆ ಇತ್ತು. ಬಣ್ಣ ಸುತ್ತಲಿನ ಚರ್ಮದ್ದೇ. ಒಣಗಿತ್ತು, ಮೆತ್ತಗಿತ್ತು. ಒತ್ತಿದರೆ ನೋವಿಲ್ಲ. ಮಲಕ್ಕೆ ಕೂತಾಗಿನ ಹಾಗೆ ಮುಕ್ಕಲು ಹೇಳಿದೆ, ಅದು ಊದಿಕೊಳ್ಳಲಿಲ್ಲ. "ಹೆರಿಗೆ ಆದ ವಾರ ಇಲ್ಲಿ ಏನಾದರೂ ಆಗಿತ್ತಾ?" ಎಂದು ಕೇಳಿದೆ. ಉತ್ತರ ಕೊಟ್ಟಿದ್ದು ತಾಯಿ. "ದ್ರಾಕ್ಷಿ ಥರ ನೀಲಿ ಗಂಟು ಬಂದಿತ್ತು, ಕೂರೋಕೇ ಆಗ್ತಿರಲಿಲ್ಲ. ಬಿಸಿನೀರಲ್ಲಿ ಕೂರಿಸಿದ್ವಿ. ಹದಿನೈದು ದಿನಕ್ಕೆ ಇಳೀತು."

ಕಥೆ ಅಲ್ಲೇ ಸಿಕ್ಕಿತು. ಆಗ ಬಂದಿದ್ದು ಹೊರಗಿನ ಪೈಲ್ಸ್. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಚರ್ಮ ಬಲೂನಿನ ಹಾಗೆ ಹಿಗ್ಗಿತ್ತು. ಹೆಪ್ಪು ಕರಗಿತು, ಹಿಗ್ಗಿದ ಚರ್ಮ ಮಾತ್ರ ಪೂರ್ತಿ ಕುಗ್ಗಲಿಲ್ಲ. ಹಾಗೆ ಉಳಿದ ಜೋಲು ಚರ್ಮಕ್ಕೆ ನಾವು ಸ್ಕಿನ್ ಟ್ಯಾಗ್ ಎನ್ನುತ್ತೇವೆ. ಅದು ಕ್ಯಾನ್ಸರ್ ಆಗುವ ವಸ್ತುವಲ್ಲ.

ಪೈಲ್ಸ್ ಎಂದರೆ ನಿಜಕ್ಕೂ ಏನು? ನಮ್ಮೆಲ್ಲರ ಮಲದ್ವಾರದ ಒಳಗೂ ರಕ್ತನಾಳ ತುಂಬಿದ ಮೆತ್ತೆಗಳಿವೆ, ಸಾಮಾನ್ಯವಾಗಿ ಮೂರು. ಗಾಳಿ, ತೆಳ್ಳಗಿನ ಮಲ ತಾನಾಗಿ ಸೋರದಂತೆ ಬಾಗಿಲು ಬಿಗಿಯಾಗಿ ಮುಚ್ಚಲು ಅವೂ ನೆರವಾಗುತ್ತವೆ. ವರ್ಷಗಟ್ಟಲೆ ಮುಕ್ಕಿದರೆ, ಗಂಟೆಗಟ್ಟಲೆ ಟಾಯ್ಲೆಟ್‌ನಲ್ಲಿ ಕೂತರೆ, ಅಥವಾ ಬಸಿರಿನ ಒತ್ತಡಕ್ಕೆ ಅವು ಊದಿ ಕೆಳಗೆ ಜಾರುತ್ತವೆ. ಅದೇ ಒಳಗಿನ ಪೈಲ್ಸ್. ಮೊದಲ ಹಂತದಲ್ಲಿ ಬರೀ ರಕ್ತ. ಎರಡನೆಯದರಲ್ಲಿ ಮುಕ್ಕಿದಾಗ ಹೊರಗೆ ಬಂದು ತಾನೇ ಒಳಗೆ ಹೋಗುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ಹೊರಗೇ ಉಳಿಯುತ್ತದೆ. ಟ್ಯಾಗ್ ಜೊತೆ ಗೊಂದಲ ಆಗುವುದು ಹೆಚ್ಚಾಗಿ ಈ ನಾಲ್ಕನೆಯದೇ. ಆದರೆ ಅದು ಕೆಂಪಗೆ, ತೇವವಾಗಿ, ನಮ್ಮ ತುಟಿಯ ಒಳಭಾಗದ ಹಾಗೆ ಇರುತ್ತದೆ. ಟ್ಯಾಗ್ ಮೇಲೆ ಇರುವುದು ಮಾಮೂಲಿ ಚರ್ಮ.

ಇನ್ನೊಂದು ಮುಖ್ಯ ವಿಷಯ ನೋವು. ಒಳಗಿನ ಪೈಲ್ಸ್ ಇರುವ ಪೊರೆಗೆ ಚರ್ಮದಂಥ ನೋವಿನ ಅರಿವಿಲ್ಲ. ಅದಕ್ಕೇ ತಟತಟ ಎಂದು ತಾಜಾ ರಕ್ತ ಬಿದ್ದರೂ ಸಾಮಾನ್ಯವಾಗಿ ನೋವಿರುವುದಿಲ್ಲ. "ಗಾಜಿನ ಚೂರು ಹೋದಂಗೆ ಆಗುತ್ತೆ, ಆಮೇಲೆ ಎರಡು ಗಂಟೆ ಉರಿ" ಎಂದು ಯಾರಾದರೂ ಹೇಳಿದರೆ ನನ್ನ ತಲೆಗೆ ಮೊದಲು ಬರುವುದು ಫಿಶರ್, ಅಂದರೆ ಚರ್ಮದ ಸೀಳು. ಹಳೆಯ ಸೀಳಿನ ಪಕ್ಕದಲ್ಲೂ ಒಂದು ಟ್ಯಾಗ್ ಬೆಳೆಯುತ್ತದೆ, ಹೆಚ್ಚಾಗಿ ಬೆನ್ನಿನ ಕಡೆಗೆ, ಸರಿಯಾಗಿ ನಡುಗೆರೆಯಲ್ಲಿ. ಕಾವಲುಗಾರನ ಹಾಗೆ ಬಾಗಿಲಲ್ಲಿ ನಿಂತಿರುತ್ತದೆ. ಬರೀ ಆ ಟ್ಯಾಗ್ ಕತ್ತರಿಸಿ ಕಳಿಸಿದರೆ ನೋವು ಹೋಗುವುದಿಲ್ಲ, ಸೀಳು ಹಾಗೇ ಇರುತ್ತಲ್ವಾ? ಮಲ ಮೆತ್ತಗೆ ಮಾಡಿ, ಬಿಗಿದ ಸ್ನಾಯು ಸಡಿಲಿಸುವ ಮುಲಾಮನ್ನು 6ರಿಂದ 8 ವಾರ ಹಚ್ಚಿದರೆ ಬಹಳಷ್ಟು ಸೀಳುಗಳು ಚಾಕು ಇಲ್ಲದೆ ಮಾಯುತ್ತವೆ.

ಹೂಕೋಸಿನ ಹಾಗೆ ಗುಂಪಾಗಿ, ಒರಟಾಗಿ ಹಬ್ಬಿದ್ದರೆ ಅದು ನರಹುಲಿ ಇರಬಹುದು. ಅದರ ದಾರಿಯೇ ಬೇರೆ. ಟ್ಯಾಗ್‌ಗಳು ದೊಡ್ಡದಾಗಿ ಊದಿಕೊಂಡಿದ್ದು, ಜೊತೆಗೆ ಪದೇ ಪದೇ ಭೇದಿ, ಹೊಟ್ಟೆನೋವು ಇದ್ದರೆ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯನ್ನು ಹುಡುಕಬೇಕು. ಅಂಥವರಲ್ಲಿ ಟ್ಯಾಗ್ ಕತ್ತರಿಸಿದರೆ ಗಾಯ ಮಾಯದೆ ಕಾಡಬಹುದು.

ಈಗ ನನಗೆ ನಿದ್ದೆ ಕೆಡಿಸುವ ಮಾತು. ಹೊರಗೆ ಟ್ಯಾಗೋ ಪೈಲ್ಸೋ ಕಂಡಿತು ಎಂದ ಮಾತ್ರಕ್ಕೆ ರಕ್ತ ಅಲ್ಲಿಂದಲೇ ಬರುತ್ತಿದೆ ಎಂದು ಅಂದುಕೊಳ್ಳಬಾರದು. ಬಸ್ ಓಡಿಸುವ ಒಬ್ಬರು 8 ತಿಂಗಳು ಮೆಡಿಕಲ್ ಶಾಪಿನ ಪೈಲ್ಸ್ ಟ್ಯೂಬ್ ಹಚ್ಚಿಕೊಂಡು ಕಾಲ ತಳ್ಳಿದ್ದರು. ಕೂತು ಕೆಲಸ ಮಾಡೋನು, ಉಷ್ಣ ಜಾಸ್ತಿ ಎಂದು ತಾವೇ ತೀರ್ಮಾನ ಮಾಡಿದ್ದರು. ಹೊರಗೆ ಒಂದು ಟ್ಯಾಗ್ ಇತ್ತು ನಿಜ. ಕೈಗವಸು ಹಾಕಿ ಬೆರಳು ಒಳಗೆ ಇಟ್ಟಾಗ ಗಟ್ಟಿಯಾದ, ಒರಟು ಅಂಚಿನ ಗಡ್ಡೆ ತಾಗಿತು. ಗುದನಾಳದ ಕ್ಯಾನ್ಸರ್. ಆ ಪರೀಕ್ಷೆಗೆ ಒಂದು ನಿಮಿಷ ಸಾಕಿತ್ತು. ಅವರು ನಾಚಿಕೆಯಿಂದ ಬಹಳ ದಿನ ತೋರಿಸಿರಲಿಲ್ಲ. ನಡುವೆ ಒಮ್ಮೆ ತೋರಿಸಿದಾಗ ಯಾರೂ ಮುಟ್ಟಿ ನೋಡಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ.

ಹಾಗಾಗಿ 45 ದಾಟಿದವರಲ್ಲಿ ರಕ್ತ ಕಂಡರೆ, ವಯಸ್ಸು ಎಷ್ಟೇ ಇರಲಿ ತೂಕ ಇಳಿದರೆ, ಹಿಮೋಗ್ಲೋಬಿನ್ ಕಡಿಮೆ ಆದರೆ, ಮೋಷನ್ ಹೋಗುವ ಕ್ರಮವೇ ಬದಲಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ನೋಡುವುದು) ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಮಲ ಟಾರಿನ ಹಾಗೆ ಕಪ್ಪಗಿದ್ದರೆ ಕಾಯಬೇಡಿ. ಅದು ಪೈಲ್ಸ್ ರಕ್ತ ಅಲ್ಲ, ಸಾಮಾನ್ಯವಾಗಿ ಹೊಟ್ಟೆಯ ಮೇಲ್ಭಾಗದಿಂದ ಬಂದಿರುತ್ತದೆ.

ಚಿಕಿತ್ಸೆಗೆ ಬರೋಣ. ಒಂದು ಮತ್ತು ಎರಡನೇ ಹಂತದ ಪೈಲ್ಸ್‌ಗೆ ನಾನು ಮೊದಲು ಕೇಳುವುದು ತಟ್ಟೆಯಲ್ಲಿ ಏನಿದೆ ಎಂದು. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಬಸ್ಸಾರು, ಹುರುಳಿಕಾಳು, ಸೀಬೆಹಣ್ಣು ತಿನ್ನುವ ಮನೆಗೆ ನಾರಿನ ಪುಡಿ ಡಬ್ಬಿ ಬೇಕಾಗುವುದೇ ಅಪರೂಪ. ಆಗದಿದ್ದರೆ ಇಸಬ್ಗೋಲ್ ತಗೊಳ್ಳಿ, ಆದರೆ ನೀರು ಜಾಸ್ತಿ ಕುಡಿಯಿರಿ. ಮೊಬೈಲ್ ಹಿಡಿದು ಟಾಯ್ಲೆಟ್‌ಗೆ ಹೋಗಬೇಡಿ. ಸ್ಟಿರಾಯ್ಡ್ ಇರುವ ಮುಲಾಮನ್ನು ವಾರಕ್ಕಿಂತ ಜಾಸ್ತಿ ಸುಮ್ನೆ ಹಚ್ಚಿಕೊಳ್ಳಬೇಡಿ, ಚರ್ಮ ತೆಳ್ಳಗಾಗುತ್ತದೆ.

ಇದಕ್ಕೂ ರಕ್ತ ನಿಲ್ಲದಿದ್ದರೆ ಓಪಿಡಿಯಲ್ಲೇ ಒಳಗಿನ ಪೈಲ್ಸ್ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಬಹುದು. ವಾರ ಹತ್ತು ದಿನದಲ್ಲಿ ಮೆತ್ತೆ ಒಣಗಿ ಉದುರುತ್ತದೆ, ಆಗ ಸ್ವಲ್ಪ ರಕ್ತ ಕಾಣಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ. ಕೆಲವು ಮೂರನೇ ಹಂತದವರಿಗೆ ಮತ್ತು ಹೆಚ್ಚಿನ ನಾಲ್ಕನೇ ಹಂತದವರಿಗೆ ಆಪರೇಷನ್ ಬೇಕು. ಹೊರಗೆ ದಿಢೀರ್ ಬಂದ ನೀಲಿ ಗಂಟನ್ನು ಮೊದಲ 72 ಗಂಟೆಯೊಳಗೆ ತೆಗೆದರೆ ನೋವು ಬೇಗ ಇಳಿಯುತ್ತದೆ. ಆಮೇಲೆ ಬಂದವರಿಗೆ ಬಿಸಿನೀರು, ನೋವಿನ ಮಾತ್ರೆ ಸಾಕು, ತಾನೇ ಕರಗುತ್ತಿರುತ್ತದೆ.

ಟ್ಯಾಗ್‌ಗೆ ಮುಲಾಮು ಇಲ್ಲ, ಮಾತ್ರೆಯೂ ಇಲ್ಲ. ಬಿಡಬೇಕು, ಇಲ್ಲ ಕತ್ತರಿಸಬೇಕು. ತೊಳೆದರೂ ಮಲ ಅಂಟಿ ತುರಿಸುತ್ತಿದ್ದರೆ, ಬಟ್ಟೆಗೆ ಉಜ್ಜಿ ಕಾಡುತ್ತಿದ್ದರೆ, ಮನಸ್ಸಿಗೆ ಕಿರಿಕಿರಿ ಆಗುತ್ತಿದ್ದರೆ ತೆಗೆಸಬಹುದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಚಿಕ್ಕ ಕೆಲಸ. ಆದರೆ ಜಾಗ ಚಿಕ್ಕದಲ್ಲ. ಪ್ರತಿದಿನ ಮಲ ತಾಗುವ ಗಾಯ ಮಾಯಲು 2ರಿಂದ 4 ವಾರ ಬೇಕು, ಮೊದಲ ಕೆಲವು ದಿನ ಚೆನ್ನಾಗೇ ಉರಿಯುತ್ತದೆ. ಅದನ್ನು ಹೇಳದೆ ದಿನ ಕೊಡುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಹೆಣ್ಣುಮಗಳಿಗೂ ಇಷ್ಟನ್ನೂ ಹೇಳಿದೆ. ಒಳಗೆ ಪ್ರೊಕ್ಟೋಸ್ಕೋಪ್ ಎಂಬ ಚಿಕ್ಕ ನಳಿಕೆ ಹಾಕಿ ನೋಡಿದ್ದೆ, ಎಲ್ಲ ಚೆನ್ನಾಗಿತ್ತು. ಅವರಿಗೆ ಇನ್ನೊಂದು ಮಗು ಬೇಕು ಎಂದಿತ್ತು. ಬಸಿರಿನಲ್ಲಿ ಮತ್ತೆ ಊದಿ ಹೊಸ ಟ್ಯಾಗ್ ಬರಬಹುದು, ಹಾಗಾಗಿ ತೆಗೆಸುವುದೇ ಆದರೆ ಹೆರಿಗೆಗಳೆಲ್ಲ ಮುಗಿದ ಮೇಲೆ ನೋಡೋಣ ಎಂದೆ. "ಹಾಗಾದ್ರೆ ಇರಲಿ ಬಿಡಿ" ಎಂದರು. ಅಲ್ಲಿ ಸೋಪು ಹಾಕಿ ತಿಕ್ಕುತ್ತಿದ್ದರಂತೆ. ಬರೀ ನೀರಲ್ಲಿ ತೊಳೆದು ಹಳೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿಕೊಳ್ಳಿ ಎಂದು ಹೇಳಿ ಚೀಟಿ ವಾಪಸ್ ಕೊಟ್ಟೆ.