ಸ್ಕಿನ್‌ಕೇರ್ ಸೆಂಟರ್ ತೆರೆಯುತ್ತಿದ್ದೇನೆ, ಯಾವ್ಯಾವ ಫೇಶಿಯಲ್ ಇಡಲಿ?

ಪ್ರಶ್ನೆ: ಬ್ಯೂಟಿಷಿಯನ್ ಕೋರ್ಸ್ ಮುಗಿಸಿದ್ದೇನೆ. ಊರಲ್ಲಿ ಎರಡು ಬೆಡ್‌ನ ಸಣ್ಣ ಸೆಂಟರ್ ತೆರೆಯುವ ಯೋಚನೆ ಇದೆ. ಹೈಡ್ರಾ, ಗೋಲ್ಡ್, ಕಾರ್ಬನ್ ಲೇಸರ್, ವ್ಯಾಂಪೈರ್ ಅಂತ ಜನ ಕೇಳುತ್ತಾರೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು?

ಉತ್ತರ: ರೇಟ್ ಕಾರ್ಡ್ ಉದ್ದ ಇದ್ದಷ್ಟೂ ವ್ಯಾಪಾರ ಜಾಸ್ತಿ ಅನ್ನೋದು ಸುಳ್ಳು. ಶುರುವಿಗೆ ನಾಲ್ಕು ಸಾಕು. ಯಾವ ನಾಲ್ಕು ಅನ್ನೋದನ್ನು ಬಾಗಿಲಿಗೆ ಬರುವ ಮುಖಗಳೇ ಹೇಳುತ್ತವೆ. ನಮ್ಮ ಕಡೆಯ ದೂರುಗಳು ಹೆಚ್ಚುಕಡಿಮೆ ಒಂದೇ: ಮೊಡವೆ, ಅದು ಬಿಟ್ಟುಹೋದ ಕಲೆ, ಬಂಗು, ಬಿಸಿಲಿಗೆ ಕಪ್ಪಾದ ಮುಖ, ಮದುವೆಗೆ ಮುಂಚಿನ ಗ್ಲೋ.

ಆಯ್ಕೆ ಮಾಡುವಾಗ ಒಂದು ವಿಷಯ ನೆನಪಿರಲಿ. ನಮ್ಮ ಗೋಧಿ, ಕಂದು ಬಣ್ಣದ ಚರ್ಮ ಸ್ವಲ್ಪ ಉರಿದರೂ ಕಪ್ಪಾಗಿಬಿಡುತ್ತದೆ. ಆ ಕಲೆ ಹೋಗಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಜೋರಾದ ಟ್ರೀಟ್‌ಮೆಂಟ್‌ಗಿಂತ ಮೆದುವಾದದ್ದೇ ಇಲ್ಲಿ ಲಾಭ.

ಮೊದಲನೆಯದು ಸಾದಾ ಕ್ಲೀನಪ್. ತಿಂಗಳು ತಿಂಗಳು ಗಿರಾಕಿ ವಾಪಸ್ ಬರುವುದು ಇದಕ್ಕೇ. ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಸಣ್ಣದೊಂದು ಆಟೋಕ್ಲೇವ್ (ಒತ್ತಡದ ಆವಿಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಇಟ್ಟುಕೊಳ್ಳಿ, 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ. ಬಂಗು ಇದ್ದವರಿಗೆ ಮಾತ್ರ ಮುಖಕ್ಕೆ ಸ್ಟೀಮ್ ಬೇಡ. ಶಾಖಕ್ಕೆ ಬಂಗು ಇನ್ನೂ ಗಾಢವಾಗಬಹುದು.

ಎರಡನೆಯದು ಹೈಡ್ರಾ. ಮಷೀನಿನ ಟಿಪ್ ಒಂದು ಕಡೆ ಸೀರಮ್ ಬಿಡುತ್ತಾ, ಇನ್ನೊಂದು ಕಡೆ ಕೊಳೆ ಎಳೆದುಕೊಳ್ಳುತ್ತದೆ. ಸಿಪ್ಪೆ ಏಳುವುದಿಲ್ಲ, ಅದಕ್ಕೇ ಮದುಮಕ್ಕಳಿಗೆ ಇಷ್ಟ. ಟಿಪ್ಪನ್ನು ಒಂದೇ ಜಾಗದಲ್ಲಿ ನಿಲ್ಲಿಸಿದರೆ ಮುಖದ ಮೇಲೆ ಕೆಂಪು ಗೆರೆ ಮೂಡುತ್ತದೆ, ಕೈ ಓಡುತ್ತಲೇ ಇರಬೇಕು. ಅಂದಹಾಗೆ, ಹೈಡ್ರಾಫೇಶಿಯಲ್ ಅನ್ನೋದು ಅಮೆರಿಕದ ಒಂದು ಕಂಪನಿಯ ಬ್ರ್ಯಾಂಡ್. ಬೇರೆ ಮಷೀನ್ ಇಟ್ಟುಕೊಂಡು ಬೋರ್ಡ್ ಮೇಲೆ ಆ ಹೆಸರು ಬರೆಸಬೇಡಿ.

ಮೂರನೆಯದು ಪೀಲ್, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಕಳಚುವುದು. ಮೊಡವೆ, ಕಲೆಗೆ ನಿಜವಾಗಿ ಕೆಲಸ ಮಾಡುವುದು ಇದೇ, ಕೈ ಸುಡುವುದೂ ಇಲ್ಲೇ. ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್ ಆಸಿಡ್‌ನಿಂದ ಶುರು ಮಾಡಿ, ಇವು ಚರ್ಮಕ್ಕೆ ನಿಧಾನಕ್ಕೆ ಇಳಿಯುತ್ತವೆ. ಗ್ಲೈಕಾಲಿಕ್‌ಗೆ ಅಮೆರಿಕದ ಕಾಸ್ಮೆಟಿಕ್ ಪರಿಣತರ ಸಮಿತಿ ಒಂದು ಗೆರೆ ಎಳೆದಿದೆ: ತರಬೇತಿ ಪಡೆದವರು ಸಲೂನ್‌ನಲ್ಲಿ ಹಚ್ಚುವುದಾದರೆ ಗರಿಷ್ಠ 30%, ಪಿಎಚ್ (ಆಮ್ಲತೆಯ ಅಳತೆ, ಕಡಿಮೆ ಆದಷ್ಟೂ ಆಸಿಡ್ ಜೋರು) 3ಕ್ಕಿಂತ ಕಡಿಮೆ ಇರಕೂಡದು. ಬಾಟಲಿ ಮೇಲೆ ಪಿಎಚ್ ಬರೆದಿಲ್ಲ ಅಂದ್ರೆ ಕೊಳ್ಳಲೇಬೇಡಿ. ಗ್ಲೈಕಾಲಿಕ್ ಹಚ್ಚಿದ ಮುಖದಲ್ಲಿ ಎಲ್ಲಾದರೂ ಬೆಳ್ಳಗಾಯಿತೋ, ತಕ್ಷಣ ಆಸಿಡ್‌ನ ಕೆಲಸ ನಿಲ್ಲಿಸುವ ನ್ಯೂಟ್ರಲೈಸರ್ ಹಾಕಿ. ಸ್ಯಾಲಿಸಿಲಿಕ್‌ನಲ್ಲಿ ಕಾಣುವ ಬಿಳಿ ಪುಡಿ ಬೇರೆ, ಅದು ಒಣಗಿದ ಆಸಿಡ್‌ನದೇ ಹರಳು, ಒರೆಸಿದರೆ ಹೋಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವ ತನಕ ಚರ್ಮ ವೈದ್ಯರ ಜೊತೆಯಲ್ಲೇ ಮಾಡಿ. ಗರ್ಭಿಣಿಯರಿಗೆ, ಆಸ್ಪಿರಿನ್ ಅಲರ್ಜಿ ಇರುವವರಿಗೆ ಸ್ಯಾಲಿಸಿಲಿಕ್ ಬೇಡ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದಾರಾ, ರಾತ್ರಿ ರೆಟಿನಾಲ್ ಹಚ್ಚುತ್ತಾರಾ ಅಂತ ಮೊದಲೇ ಕೇಳಿ, ಬರೆದಿಟ್ಟುಕೊಳ್ಳಿ.

ನಾಲ್ಕನೆಯದು ಮಸಾಜ್ ಇರುವ ಬ್ರೈಡಲ್ ಫೇಶಿಯಲ್. ಗೋಲ್ಡ್ ಅನ್ನಿ, ಡೈಮಂಡ್ ಅನ್ನಿ, ಆ ಹೊಳಪು ಬರುವುದು ಮಸಾಜ್‌ನಿಂದ, ಕ್ರೀಮ್‌ನಿಂದ. ಚಿನ್ನಕ್ಕೆ ಅದರಲ್ಲಿ ದೊಡ್ಡ ಪಾತ್ರ ಇಲ್ಲ. ಆದರೆ ಹೆಸರು ಓಡುತ್ತೆ, ಇಡಿ. ಮದುವೆಗೆ ವಾರ ಮೊದಲೇ ಮುಗಿಸಿ. ಹೊಸ ಕ್ರೀಮಿನ ಪ್ರಯೋಗ ಆ ವಾರ ಬೇಡವೇ ಬೇಡ.

ಇನ್ನು ಬಿಡಬೇಕಾದ್ದು. ಕಾರ್ಬನ್ ಲೇಸರ್, ಅಂದರೆ ಮುಖಕ್ಕೆ ಕಾರ್ಬನ್ ಲೇಪ ಹಚ್ಚಿ ಲೇಸರ್ ಹಾಯಿಸುವುದು, ವೈದ್ಯರ ಕೆಲಸ. ವ್ಯಾಂಪೈರ್ ಅಂದರೆ ಗಿರಾಕಿಯದೇ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಸೂಜಿಯಿಂದ ಮುಖಕ್ಕೆ ಇಳಿಸುವುದು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದ ಸ್ಪಾ ಒಂದರಲ್ಲಿ ಇದನ್ನು ಮಾಡಿಸಿಕೊಂಡ ಕೆಲವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿದೆ. ಎಷ್ಟೇ ಬೇಡಿಕೆ ಇರಲಿ, ಬೇಡ.

ಕೊನೆಗೆ ಲೆಕ್ಕಾಚಾರದ ಮಾತು. ಆಷಾಢದಲ್ಲಿ ಮದುವೆ ಇಲ್ಲ, ಸೆಂಟರ್ ಖಾಲಿ ಹೊಡೆಯುತ್ತದೆ. ಬಿಸಿಲೂ ಕಡಿಮೆ. ಪೀಲ್ ಪ್ಯಾಕೇಜ್‌ಗಳನ್ನು ಆಗಲೇ ಹಾಕಿ. ಮೋಡ ಇದ್ದರೂ ಸನ್‌ಸ್ಕ್ರೀನ್ ಬಿಡಬೇಡಿ ಅಂತ ಬಿಲ್ ಕೊಡುವಾಗ ಇನ್ನೊಂದು ಸಲ ಹೇಳಿ.