ಜಾನ್ ವೇಯ್ನ್‌ನ ಹದಿನಾರು ಅಗ್ಗದ ಚಿತ್ರಗಳು: ಮೊದಲ ಸ್ಥಾನ ಯಾವುದಕ್ಕೆ?

ಹಾಲಿವುಡ್ ನಟ ಜಾನ್ ವೇಯ್ನ್ 1930ರ ದಶಕದಲ್ಲಿ 'ಲೋನ್ ಸ್ಟಾರ್' ಅನ್ನುವ ಸರಣಿಯಲ್ಲಿ ಹದಿನಾರು ಅಗ್ಗದ ಕೌಬಾಯ್ ಚಿತ್ರ ಮಾಡಿದ. ಅವುಗಳಲ್ಲಿ ಯಾವುದು ಮೇಲು ಅನ್ನುವುದು ಅಭಿಮಾನಿಗಳ ಜಗಳ. ವೇಯ್ನ್ ಹೀರೋ ಆದ ಮೊದಲ ದೊಡ್ಡ ಚಿತ್ರ 'ದ ಬಿಗ್ ಟ್ರೇಲ್' 1930ರಲ್ಲಿ ತೋಪಾಯಿತು. ಫಾಕ್ಸ್ ಕಂಪನಿ ಅದನ್ನು ಅಗಲ ಪರದೆಯ 70 ಎಂಎಂನಲ್ಲೂ ತೆಗೆದಿತ್ತು. ಆದರೆ ಆರ್ಥಿಕ ಕುಸಿತದ ಹೊತ್ತಿನಲ್ಲಿ ಹೊಸ ಪರದೆ, ಹೊಸ ಪ್ರೊಜೆಕ್ಟರ್ ಹಾಕಿಸಲು ಥಿಯೇಟರ್‌ನವರ ಹತ್ತಿರ ದುಡ್ಡೆಲ್ಲಿತ್ತು? 23ರ ವೇಯ್ನ್ ಸಣ್ಣ ಚಿತ್ರಗಳ ಕಡೆ ಜಾರಿದ.

1932-33ರಲ್ಲಿ ವಾರ್ನರ್ ಬ್ರದರ್ಸ್‌ಗೆ ಆರು ವೆಸ್ಟರ್ನ್ (ಕೌಬಾಯ್ ಚಿತ್ರ) ಮಾಡಿದ. ಅಲ್ಲಿ ನಟ ಕೆನ್ ಮೇನಾರ್ಡ್‌ನ ಹಳೆಯ ಮೂಕಿ ಚಿತ್ರಗಳ ಸಾಹಸ ದೃಶ್ಯಗಳನ್ನೇ ಎತ್ತಿ ಅಂಟಿಸಿದರು. ವ್ಯತ್ಯಾಸ ಗೊತ್ತಾಗಬಾರದೆಂದು ವೇಯ್ನ್‌ಗೂ ಮೇನಾರ್ಡ್‌ನದರಂಥದೇ ಬಿಳಿ ಕುದುರೆ ಕೊಟ್ಟರು!

ಆಮೇಲೆ ಬಂದದ್ದು ಲೋನ್ ಸ್ಟಾರ್ ಸರಣಿ. 1933ರಿಂದ 1935ರವರೆಗೆ 16 ಚಿತ್ರ, ನಿರ್ಮಾಪಕ ಪಾಲ್ ಮಾಲ್ವರ್ನ್, ಹಂಚಿಕೆ ಮೊನೊಗ್ರಾಮ್‌ನದು. ಹೆಚ್ಚಿನವು ಒಂದು ಗಂಟೆಯೂ ಇಲ್ಲ. ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಕಾಲ, ಎರಡನೆಯದಕ್ಕೆ ಇಂಥ ಸರಕು ಬೇಕಿತ್ತು.

ಕಥೆ ಸಾಮಾನ್ಯವಾಗಿ ಒಂದೇ, ಸುಮ್ನೆ ಹೆಸರು ಬೇರೆ. ಆದರೆ ಹೊಡೆದಾಟ ನೋಡಿ. ಅದಕ್ಕೂ ಮೊದಲು ವೆಸ್ಟರ್ನ್ ನಟರು ಎದುರಾಳಿಯ ಭುಜಕ್ಕೆ ಗುದ್ದಿ ನಾಟಕ ಆಡುತ್ತಿದ್ದರು. ವೇಯ್ನ್, ಸ್ಟಂಟ್‌ಮ್ಯಾನ್ ಯಾಕಿಮಾ ಕ್ಯಾನಟ್ ಮತ್ತು ನಿರ್ದೇಶಕ ರಾಬರ್ಟ್ ಬ್ರ್ಯಾಡ್‌ಬರಿ ಬೇರೆ ಉಪಾಯ ಹುಡುಕಿದರು. ಮುಷ್ಟಿ ಗಲ್ಲಕ್ಕೆ ತಾಗದೆ ಹಾದುಹೋಗಬೇಕು, ಕ್ಯಾಮೆರಾ ಮಾತ್ರ ಆ ಸಂದು ಕಾಣದ ಕಡೆ ಇರಬೇಕು. ಹಾಲಿವುಡ್ ಇವತ್ತಿಗೂ ಹೀಗೇ ಗುದ್ದುತ್ತದೆ.

ಶ್ರೇಯಾಂಕದ ಜಗಳ ಶುರುವಾಗಿದ್ದು ಬಹಳ ತಡವಾಗಿ. ಈ ಚಿತ್ರಗಳಲ್ಲಿ ಹೆಚ್ಚಿನವುಗಳ ಕಾಪಿರೈಟ್ ಯಾರೂ ನವೀಕರಿಸಲಿಲ್ಲ. ಟಿವಿ, ವಿಎಚ್‌ಎಸ್, ಡಿವಿಡಿ, ಯೂಟ್ಯೂಬ್ ಅಂತ ಯಾರು ಬೇಕಾದರೂ ಹಾಕಿದರು. ಮಸುಕು ಪ್ರಿಂಟ್‌ಗಳು ಬಂದವು. 1980ರ ದಶಕದಲ್ಲಿ ಕೆಲವಕ್ಕೆ ಬಣ್ಣ ಬಳಿದು ಸಿಂಥಸೈಸರ್ ಸಂಗೀತ ತುಂಬಿದರು. ಮೂಲದಲ್ಲಿ ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಗೊರಸಿನ ಸದ್ದೇ ಜಾಸ್ತಿ. ಹಾಗಾಗಿ ಒಬ್ಬರ ಪಟ್ಟಿಯಲ್ಲಿ ಮೇಲಿರುವುದು ಇನ್ನೊಬ್ಬರಲ್ಲಿ ಕೆಳಗಿದ್ದರೆ ಅದು ರುಚಿಯ ಮಾತಷ್ಟೇ ಅಲ್ಲ, ಯಾವ ಪ್ರಿಂಟ್ ನೋಡಿದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಲ್ವಾ?

ನನ್ನ ಮೊದಲ ಸ್ಥಾನ 'ರ‍್ಯಾಂಡಿ ರೈಡ್ಸ್ ಅಲೋನ್'ಗೆ (1934). ಪಿಯಾನೋ ಸದ್ದು ಕೇಳಿ ವೇಯ್ನ್ ಸಲೂನ್ (ಹೆಂಡದಂಗಡಿ) ಒಳಗೆ ಬರುತ್ತಾನೆ. ಸುತ್ತ ಹೆಣಗಳು. ಪಿಯಾನೋ ತನ್ನಷ್ಟಕ್ಕೆ ನುಡಿಯುವ ಯಂತ್ರ. ಗೋಡೆಯ ಚಿತ್ರದೊಳಗಿಂದ ಎರಡು ಕಣ್ಣು ಅವನನ್ನೇ ನೋಡುತ್ತಿವೆ. ಇಷ್ಟು ಅಗ್ಗದ ಚಿತ್ರಕ್ಕೆ ಇಂಥ ಆರಂಭ ಸಿಕ್ಕರೆ ಉಳಿದದ್ದನ್ನು ಕ್ಷಮಿಸಬಹುದು.

ಎರಡನೆಯದು 'ದ ಟ್ರೇಲ್ ಬಿಯಾಂಡ್'. ಅದರ ಬೆಟ್ಟ, ಸರೋವರಗಳನ್ನು ಸೆರೆಹಿಡಿದ ಆರ್ಚೀ ಸ್ಟೌಟ್ ಮುಂದೆ 'ದ ಕ್ವೈಟ್ ಮ್ಯಾನ್'ಗೆ ಆಸ್ಕರ್ ಹಂಚಿಕೊಂಡರು. ಸರಣಿಯ ಮೊದಲ ಚಿತ್ರ 'ರೈಡರ್ಸ್ ಆಫ್ ಡೆಸ್ಟಿನಿ'ಗೆ ಅನೇಕರು ಮೇಲಿನ ಜಾಗ ಕೊಡುತ್ತಾರೆ. ನನಗೆ ಆಗುವುದಿಲ್ಲ. ಗುಂಡಿನ ಕಾಳಗಕ್ಕೆ ಹೊರಟ ವೇಯ್ನ್ ಬೇರೆಯವರ ದನಿಯಲ್ಲಿ ಹಾಡುತ್ತಾನೆ, ನೋಡಿದವರು ನಗದೆ ಇರಲಾರರು. ಕೊನೆಯ ಸ್ಥಾನ 'ದ ಡೆಸರ್ಟ್ ಟ್ರೇಲ್'ಗೆ. ಸರಣಿಯ ಹಲವು ಚಿತ್ರಗಳಲ್ಲಿರುವ ನಟ ಗ್ಯಾಬಿ ಹೇಯ್ಸ್ ಇದರಲ್ಲಿ ಇಲ್ಲ, ಅವನ ಜಾಗದಲ್ಲಿ ಹುಡುಗಿಯರಿಗಾಗಿ ಕಿತ್ತಾಡುವ ಜೂಜುಕೋರ ಗೆಳೆಯ.