ತಪ್ಪು ಉತ್ತರದೊಳಗಿನ ತರ್ಕ

ಒಂದು ನಾಣ್ಯವನ್ನು ನೇರವಾಗಿ ಮೇಲಕ್ಕೆ ಚಿಮ್ಮಿದ್ದೀರಿ ಎಂದುಕೊಳ್ಳಿ. ಅದು ಕೈಬಿಟ್ಟು ಮೇಲೇರುತ್ತಿದೆ, ಇನ್ನೂ ತನ್ನ ಗರಿಷ್ಠ ಎತ್ತರವನ್ನು ಮುಟ್ಟಿಲ್ಲ. ಆ ಕ್ಷಣದಲ್ಲಿ ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇರುವುದು ಒಂದೇ ಬಲ, ಕೆಳಕ್ಕೆಳೆಯುವ ಗುರುತ್ವ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ ಇದೇ ಪ್ರಶ್ನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಟ್ಟು 1982ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆಚ್ಚಿನವರು ಎರಡು ಬಾಣಗಳನ್ನು ಎಳೆದಿದ್ದರು: ಗುರುತ್ವಕ್ಕೊಂದು, ಕೈ ಕೊಟ್ಟ ಮೇಲ್ಮುಖ ಬಲಕ್ಕೊಂದು. ಮೇಲೇರುವಾಗ ಎರಡನೆಯದು ದೊಡ್ಡದು, ತುದಿಯಲ್ಲಿ ಎರಡೂ ಸಮ, ಆಮೇಲೆ ಗುರುತ್ವದ್ದೇ ಮೇಲುಗೈ ಎಂಬುದು ಅವರ ವಿವರಣೆ. ಚಲನಶಾಸ್ತ್ರದ ಪಾಠವೆಲ್ಲ ಮುಗಿದ ಮೇಲೆ ಕೇಳಿದಾಗಲೂ ಬಹುಪಾಲು ವಿದ್ಯಾರ್ಥಿಗಳು ಇದೇ ಉತ್ತರ ಕೊಟ್ಟರು.

ಈ ಉತ್ತರ ತಪ್ಪು, ಆದರೆ ಅಡ್ಡಾದಿಡ್ಡಿಯಾದ ತಪ್ಪಲ್ಲ. ಪ್ರಾಚೀನ ಭಾರತದ ದರ್ಶನಗ್ರಂಥವಾದ ವೈಶೇಷಿಕ ಸೂತ್ರಗಳ ಐದನೆಯ ಅಧ್ಯಾಯದಲ್ಲಿ ಕಣಾದನು ಬಾಣದ ಚಲನೆಯನ್ನು ವಿವರಿಸುವುದು ಹೆಚ್ಚುಕಡಿಮೆ ಹೀಗೆಯೇ. ಹೆದೆಯ ನೂಕಿನಿಂದ ಬಾಣದ ಮೊದಲ ಚಲನೆ. ಆ ಚಲನೆಯಿಂದ ಬಾಣದಲ್ಲಿ ಒಂದು ಸಂಸ್ಕಾರ ಹುಟ್ಟುತ್ತದೆ, ಅದರಿಂದ ಮುಂದಿನ ಚಲನೆ, ಅದರ ಮುಂದಿನದೂ ಹಾಗೆಯೇ. ಸಂಸ್ಕಾರ ತೀರಿದಾಗ ಗುರುತ್ವದಿಂದ ಪತನ. ವೈಶೇಷಿಕರು ಈ ಬಗೆಯ ಸಂಸ್ಕಾರಕ್ಕೆ ಕೊಟ್ಟ ಹೆಸರು ‘ವೇಗ’. ಹದಿನಾಲ್ಕನೆಯ ಶತಮಾನದ ಪ್ಯಾರಿಸ್‌ನಲ್ಲಿ ಜಾನ್ ಬ್ಯುರಿಡಾನ್ ‘ಇಂಪೆಟಸ್’ ಎಂದು ಕರೆದದ್ದೂ ವಸ್ತುವಿನೊಳಗೆ ತುಂಬಿಕೊಳ್ಳುವ ಇಂಥದೇ ಒಂದು ಗುಣವನ್ನು. ಗೆಲಿಲಿಯೋ ಕೂಡ ತಾರುಣ್ಯದಲ್ಲಿ ಇದನ್ನೇ ನಂಬಿದ್ದ. ಹಿಂದಿನ ಬೆಂಚಿನಲ್ಲಿ ಕುಳಿತು ಎರಡು ಬಾಣ ಎಳೆದ ಹುಡುಗ ಹೀಗೆ ತನಗೆ ತಿಳಿಯದೆಯೇ ದೊಡ್ಡ ತಾರ್ಕಿಕರ ಸಾಲಿನಲ್ಲಿ ಕೂತಿರುತ್ತಾನೆ. ಅವನ ತಲೆ ಖಾಲಿ ಕೊಡವಲ್ಲ, ಅಲ್ಲಿ ಆಗಲೇ ಒಂದು ಸಿದ್ಧಾಂತವಿದೆ. ಮೇಷ್ಟರು ಸುರಿದದ್ದು ಆ ತುಂಬಿದ ಕೊಡದ ಮೇಲಿಂದ ಹರಿದುಹೋಗುತ್ತದೆ.

ಈ ಮಾತು ಊಹೆಯ ಮಟ್ಟದಿಂದ ಅಳತೆಯ ಮಟ್ಟಕ್ಕೆ ಬಂದದ್ದು ಭೌತವಿಜ್ಞಾನಿಗಳು ತಮ್ಮ ತರಗತಿಯನ್ನೇ ಪ್ರಯೋಗಶಾಲೆಯಾಗಿ ನೋಡತೊಡಗಿದಾಗ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನಿಸ್ 1985ರಲ್ಲಿ ಒಂದು ಬಹುಆಯ್ಕೆ ಪರೀಕ್ಷೆಯನ್ನು ರೂಪಿಸಿದರು. ಅದು ಬೆಳೆದು 1992ರಲ್ಲಿ ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಇದರಲ್ಲಿ ಲೆಕ್ಕ ಮಾಡುವ ಕೆಲಸವೇ ಇಲ್ಲ, ಎಲ್ಲವೂ ಮಾತಿನ ಪ್ರಶ್ನೆಗಳು. ಭಾರವಾದ ಲಾರಿಯೊಂದು ಪುಟ್ಟ ಕಾರಿಗೆ ಗುದ್ದಿದಾಗ ಯಾವುದರ ಮೇಲೆ ಯಾವುದು ಹೆಚ್ಚು ಬಲ ಹಾಕುತ್ತದೆ ಎಂಬಂಥವು. ಪರೀಕ್ಷೆಯ ಜಾಣತನವಿರುವುದು ಸರಿ ಉತ್ತರದಲ್ಲಲ್ಲ, ತಪ್ಪು ಆಯ್ಕೆಗಳಲ್ಲಿ. ಅವನ್ನು ಪ್ರಶ್ನೆಪತ್ರಿಕೆ ಮಾಡುವವರು ಕಲ್ಪಿಸಿಕೊಂಡು ಬರೆದದ್ದಲ್ಲ. ವಿದ್ಯಾರ್ಥಿಗಳೇ ಹಿಂದೆ ತಮ್ಮ ಮಾತಿನಲ್ಲಿ ಹೇಳಿದ ಉತ್ತರಗಳಿಂದ ಆಯ್ದುಕೊಂಡದ್ದು.

ಹಾರ್ವರ್ಡ್‌ನ ಎರಿಕ್ ಮಜೂರ್ ಈ ಸಂಶೋಧನೆಯ ಬಗ್ಗೆ ಓದಿದಾಗ ತನ್ನ ವಿದ್ಯಾರ್ಥಿಗಳು ಹಾಗಿರಲಾರರು ಎಂದೇ ಭಾವಿಸಿದ್ದರು. ಪರೀಕ್ಷೆ ಕೊಟ್ಟರು. ಆಗ ವಿದ್ಯಾರ್ಥಿನಿಯೊಬ್ಬಳು ಎದ್ದು, ಈ ಪ್ರಶ್ನೆಗಳಿಗೆ ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದಳು ಎಂಬುದನ್ನು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. ಇಷ್ಟು ಪ್ರಾಮಾಣಿಕವಾದ ಪ್ರಶ್ನೆ ನಮ್ಮ ತರಗತಿಗಳಲ್ಲಿ ಎದ್ದೀತೇ ಎಂಬುದು ಬೇರೆ ಮಾತು. ಮುಂದೆ ಮಜೂರ್ ವಿದ್ಯುನ್ಮಂಡಲದ ಮೇಲೆ ಎರಡು ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಒಂದು, ಸಮೀಕರಣಗಳನ್ನು ಬಿಡಿಸಿ ವಿದ್ಯುತ್ ಪ್ರವಾಹವನ್ನು ಕಂಡುಹಿಡಿಯುವ ಮಾಮೂಲಿ ಲೆಕ್ಕ. ಇನ್ನೊಂದು, ಸ್ವಿಚ್ ಒತ್ತಿದರೆ ಯಾವ ಬಲ್ಬಿನ ಬೆಳಕು ಹೆಚ್ಚುತ್ತದೆ, ಯಾವುದರದು ಕುಗ್ಗುತ್ತದೆ ಎಂಬ ಸರಳ ಪ್ರಶ್ನೆ. ಕಷ್ಟದ ಲೆಕ್ಕವನ್ನು ಮಾಡಿದವರಲ್ಲಿ ಅನೇಕರು ಸುಲಭದ ಪ್ರಶ್ನೆಯಲ್ಲಿ ಎಡವಿದರು.

ಇಂಡಿಯಾನಾ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್ 1998ರಲ್ಲಿ 62 ತರಗತಿಗಳ ಸುಮಾರು 6,500 ವಿದ್ಯಾರ್ಥಿಗಳು ಇಂಥ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ಒಂದೆಡೆ ಕಲೆಹಾಕಿದರು. ಅವರ ಅಳತೆಗೋಲು ಸರಳವಾದದ್ದು: ಪಾಠಕ್ಕೆ ಮುಂಚೆ ನೂರಕ್ಕೆ 40 ಬಂದಿದ್ದರೆ ಗಳಿಸಲು ಉಳಿದದ್ದು 60, ಪಾಠದ ನಂತರ 55 ಬಂದರೆ ಆ 60ರಲ್ಲಿ ದಕ್ಕಿದ್ದು 15, ಅಂದರೆ ಗಳಿಕೆ 0.25. ಉಪನ್ಯಾಸವನ್ನೇ ನೆಚ್ಚಿಕೊಂಡ ತರಗತಿಗಳಲ್ಲಿ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳು ತಮ್ಮೊಳಗೆ ಚರ್ಚಿಸುತ್ತ ಕಲಿತ ತರಗತಿಗಳಲ್ಲಿ 0.48. ಮೇಷ್ಟರು ತಾವಾಗಿ ಕಳುಹಿಸಿಕೊಟ್ಟ ಅಂಕಗಳಾದ್ದರಿಂದ ಸೋತ ಪ್ರಯೋಗಗಳು ಈ ಲೆಕ್ಕಕ್ಕೆ ಬರದೇ ಹೋಗಿರಬಹುದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ನನಗೆ ಹೆಚ್ಚು ಮುಖ್ಯವೆನಿಸುವುದು ಮೊದಲನೆಯ ಸಂಖ್ಯೆ. ಒಳ್ಳೆಯ ಉಪನ್ಯಾಸಕರೆಂದು ಹೆಸರಾದವರ ತರಗತಿಗಳೂ ಆ ಕಾಲುಭಾಗದ ಆಸುಪಾಸಿನಲ್ಲೇ ನಿಂತಿದ್ದವು.

ತಪ್ಪು ಕಲ್ಪನೆಗಳು ಒಂದು ಸುಸಂಬದ್ಧ ಸಿದ್ಧಾಂತವೋ, ಚೂರುಗಳ ಕಂತೆಯೋ ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಭೌತಶಾಸ್ತ್ರ ಓದಿ ಶಿಕ್ಷಣ ಸಂಶೋಧನೆಗೆ ಬಂದ ಆಂಡ್ರಿಯಾ ಡಿಸೆಸ್ಸಾ ಎರಡನೆಯ ಪಕ್ಷದವರು. ಹತ್ತಿರ ಹೋದಷ್ಟೂ ಬಿಸಿ ಹೆಚ್ಚು ಎಂಬ ತಿಳಿವಳಿಕೆ ಒಲೆಯ ಮುಂದೆ ಸರಿಯೇ. ಅದೇ ಚೂರನ್ನು ಆಕಾಶಕ್ಕೆ ಒಯ್ದು, ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಿರುತ್ತದೆ ಎಂದಾಗ ಅದು ತಪ್ಪಾಗುತ್ತದೆ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ, ನಾವು ಬೆಳಗಿನ ಚಳಿಗೆ ಹೊದ್ದು ಮಲಗಿರುವಾಗ. ಈ ವಾದವನ್ನು ಒಪ್ಪಿದರೆ ವಿದ್ಯಾರ್ಥಿಯ ತಲೆಯಿಂದ ಏನನ್ನೂ ಕಿತ್ತೆಸೆಯಬೇಕಾಗಿಲ್ಲ, ಯಾವ ಚೂರು ಎಲ್ಲಿ ಸಲ್ಲುತ್ತದೆ ಎಂಬುದನ್ನು ಮರುಜೋಡಿಸಿದರಾಯಿತು. ನನ್ನ ಒಲವೂ ಆ ಕಡೆಗೇ, ಆದರೆ ನಾಣ್ಯದ ಮೇಲಿನ ಆ ಎರಡನೆಯ ಬಾಣ ಎಷ್ಟು ಹಟಮಾರಿ ಎಂಬುದನ್ನು ಚೂರುಗಳ ಮಾತು ಪೂರ್ತಿಯಾಗಿ ವಿವರಿಸುವಂತೆ ತೋರುವುದಿಲ್ಲ.

ರಸಾಯನಶಾಸ್ತ್ರದ ತೊಡಕು ಬೇರೆ ಬಗೆಯದು. ಅನ್ನಕ್ಕೆ ಎಸರಿಟ್ಟು, ನೀರು ಕೊತಕೊತ ಕುದಿಯುವಾಗ ಏಳುವ ಗುಳ್ಳೆಗಳೊಳಗೆ ಏನಿದೆ ಎಂದು ಕೇಳಿ ನೋಡಿ. ನ್ಯೂಜಿಲೆಂಡಿನ ರೋಜರ್ ಆಸ್ಬೋರ್ನ್ ಮತ್ತು ಮಾರ್ಕ್ ಕಾಸ್‌ಗ್ರೋವ್ ಈ ಪ್ರಶ್ನೆಯನ್ನು 8ರಿಂದ 17 ವರ್ಷದವರೆಗಿನ ಮಕ್ಕಳಿಗೆ ಕೇಳಿ 1983ರಲ್ಲಿ ಪ್ರಕಟಿಸಿದರು. ಶಾಖ ಎಂದವರಿದ್ದರು, ಗಾಳಿ ಎಂದವರಿದ್ದರು. (ಗಾಳಿ ಎಂದವರದು ಪೂರಾ ತಪ್ಪಲ್ಲ, ಕುದಿ ಬರುವ ಮುಂಚೆ ಪಾತ್ರೆಯ ತಳಕ್ಕಂಟುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವೇ.) ಆದರೆ ದೊಡ್ಡ ತರಗತಿಯ ಮಕ್ಕಳಲ್ಲಿ ಬಹಳ ಮಂದಿ ಜಲಜನಕ ಮತ್ತು ಆಮ್ಲಜನಕ ಎಂದರು. ಪುಟ್ಟ ಮಗುವಿಗೆ ಹೊಳೆಯಲಾರದ ಈ ತಪ್ಪನ್ನು ಮಾಡಲು ಸ್ವಲ್ಪ ರಸಾಯನಶಾಸ್ತ್ರ ಗೊತ್ತಿರಲೇಬೇಕು! ನೀರೆಂದರೆ ಎಚ್‌ಟೂಓ ಎಂದು ಕಲಿತವರು ಮಾತ್ರ ಕುದಿಸಿದರೆ ಅದು ಎಚ್ ಮತ್ತು ಓ ಆಗಿ ಒಡೆಯುತ್ತದೆ ಎಂದು ತರ್ಕಿಸಬಲ್ಲರು. ಗುಳ್ಳೆಯಲ್ಲಿರುವುದು ನೀರಿನ ಆವಿ. ಕುದಿಯುವಾಗ ಅಣುಗಳು ಒಂದರಿಂದೊಂದು ಬಿಟ್ಟುಹೋಗುತ್ತವೆಯೇ ಹೊರತು ಒಂದೊಂದು ಅಣುವೂ ಒಡೆಯುವುದಿಲ್ಲ.

ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಇದಕ್ಕೆ ಒಂದು ತ್ರಿಕೋನದ ಚಿತ್ರ ಕೊಟ್ಟರು. ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವ ಲೋಕ: ನೀರು, ಗುಳ್ಳೆ, ಬಣ್ಣ, ವಾಸನೆ. ಎರಡನೆಯದರಲ್ಲಿ ಕಾಣದ ಅಣುಪರಮಾಣುಗಳ ಲೋಕ. ಮೂರನೆಯದರಲ್ಲಿ ಸೂತ್ರ, ಸಮೀಕರಣಗಳ ಲೋಕ. ಪಳಗಿದ ಮೇಷ್ಟರು ಒಂದೇ ವಾಕ್ಯದಲ್ಲಿ ಮೂರು ಮೂಲೆಗಳನ್ನೂ ಮುಟ್ಟಿ ಬರುತ್ತಾರೆ, ತಾವು ಜಿಗಿದದ್ದು ಅವರಿಗೇ ಗೊತ್ತಾಗುವುದಿಲ್ಲ. ಕಲಿಯುವವನ ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ ಆದ್ದರಿಂದ ಅವನು ಕೈಗೆ ಸಿಕ್ಕಿದ ಒಂದು ಮೂಲೆಯನ್ನು, ಸಾಮಾನ್ಯವಾಗಿ ಸೂತ್ರದ ಮೂಲೆಯನ್ನು, ಗಟ್ಟಿಯಾಗಿ ಹಿಡಿದು ಕೂರುತ್ತಾನೆ. ಅಮೆರಿಕದ ನರೆನ್‌ಬರ್ನ್ ಮತ್ತು ಪಿಕರಿಂಗ್ 1987ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಅನಿಲ ನಿಯಮದ ಲೆಕ್ಕವನ್ನು ಸರಿಯಾಗಿ ಮಾಡುವ ವಿದ್ಯಾರ್ಥಿಗಳಿಗೆ ಅವರು ಜಲಜನಕ ತುಂಬಿದ ಉಕ್ಕಿನ ತೊಟ್ಟಿಯೊಂದರ ಚಿತ್ರ ಕೊಟ್ಟು, ಉಷ್ಣತೆ 20 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದರೆ ಅಣುಗಳನ್ನು ಸೂಚಿಸುವ ಚುಕ್ಕೆಗಳು ಹೇಗೆ ಹರಡಿರುತ್ತವೆ ಎಂದು ಕೇಳಿದರು. ಜಲಜನಕ ದ್ರವವಾಗಬೇಕಾದರೆ ಮೈನಸ್ 253 ಡಿಗ್ರಿಯ ಹತ್ತಿರ ಹೋಗಬೇಕು. ಆದ್ದರಿಂದ ಚುಕ್ಕೆಗಳು ಮೊದಲಿನಂತೆಯೇ ತೊಟ್ಟಿಯ ತುಂಬ ಹರಡಿರುತ್ತವೆ. ಲೆಕ್ಕದಲ್ಲಿ ಗೆದ್ದ ಅನೇಕರು ಈ ಚಿತ್ರದಲ್ಲಿ ಸೋತರು.

ಗಣಿತದಲ್ಲಾದರೋ ಕಾಣುವ ವಸ್ತುವೇ ಇಲ್ಲದ್ದರಿಂದ ಅಲ್ಲಿ ಇಂಥ ಗೊಂದಲ ಇರಲಾರದು ಎನಿಸಬಹುದು. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆಗೆ ‘ವಿ’, ಪ್ರಾಧ್ಯಾಪಕರ ಸಂಖ್ಯೆಗೆ ‘ಪ್ರಾ’ ಎಂದಿಟ್ಟುಕೊಂಡು ಸಮೀಕರಣ ಬರೆಯಿರಿ. ಇದೂ ಕ್ಲೆಮೆಂಟ್ ಮತ್ತು ಅವರ ಸಹೋದ್ಯೋಗಿಗಳ ಪ್ರಶ್ನೆಯೇ. 1981ರಲ್ಲಿ ಅವರು ವರದಿ ಮಾಡಿದಂತೆ ಎಂಜಿನಿಯರಿಂಗ್ ಮೊದಲ ವರ್ಷದ 150 ವಿದ್ಯಾರ್ಥಿಗಳಲ್ಲಿ ಶೇಕಡ 37 ಮಂದಿ ತಪ್ಪಿದರು, ತಪ್ಪಿದವರಲ್ಲಿ ಮೂರನೆಯ ಎರಡರಷ್ಟು ಮಂದಿ ಬರೆದದ್ದು 6ವಿ = ಪ್ರಾ. ಸರಿ ಉತ್ತರ ವಿ = 6ಪ್ರಾ. ಮೂಲದ ಇಂಗ್ಲಿಷ್ ವಾಕ್ಯದಲ್ಲಿ ಮೊದಲು ಆರು, ಆಮೇಲೆ ವಿದ್ಯಾರ್ಥಿಗಳು, ಕೊನೆಗೆ ಪ್ರಾಧ್ಯಾಪಕರು ಬರುತ್ತಾರೆ; ಆ ಪದಕ್ರಮವನ್ನೇ ಸಮೀಕರಣಕ್ಕೆ ಇಳಿಸಿದ್ದರಿಂದ ಹೀಗಾಯಿತು ಎನ್ನೋಣವೇ? ಕನ್ನಡ ವಾಕ್ಯದಲ್ಲಿ ಮೊದಲು ಪ್ರಾಧ್ಯಾಪಕರು, ಆಮೇಲೆ ಆರು, ಕೊನೆಗೆ ವಿದ್ಯಾರ್ಥಿಗಳು ಬರುತ್ತಾರೆ; ಆ ಕ್ರಮದಲ್ಲಿ ಬರೆದರೂ ಸಿಗುವುದು ಅದೇ ತಪ್ಪು ಸಮೀಕರಣ. ಆದರೆ ಕಾರಣ ಪದಕ್ರಮವೊಂದೇ ಅಲ್ಲ. ನಾಲ್ಕು ಪಾವು ಒಂದು ಸೇರು, ಹನ್ನೆರಡು ಇಂಚು ಒಂದು ಅಡಿ ಎಂದು ಬರೆಯುವ ರೂಢಿಯಲ್ಲಿ ಅಕ್ಷರವು ವಸ್ತುವಿನ ಹೆಸರಾಗಿರುತ್ತದೆ. ಬೀಜಗಣಿತದಲ್ಲಿ ಅದು ಸಂಖ್ಯೆ. ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ ಎಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡವನು 6ವಿ = ಪ್ರಾ ಎಂದು ಬರೆದಾಗ ಅವನು ಸನ್ನಿವೇಶವನ್ನು ಅರ್ಥಮಾಡಿಕೊಂಡಿಲ್ಲ ಎನ್ನುವಂತಿಲ್ಲ, ಅವನು ಬೇರೊಂದು ಲಿಪಿಯಲ್ಲಿ ಬರೆಯುತ್ತಿದ್ದಾನೆ.

ಅರ್ಥ ಮತ್ತು ಲಿಪಿಯ ಈ ಅಗಲಿಕೆಯನ್ನು ನನಗೆ ತಿಳಿದಂತೆ ಅತ್ಯಂತ ಮನಮುಟ್ಟುವಂತೆ ದಾಖಲಿಸಿದ್ದು ಬ್ರೆಜಿಲಿನ ರೆಸಿಫೆ ನಗರದ ಅಧ್ಯಯನ. ಟೆರೆಜಿನ್ಹಾ ನೂನೆಸ್ ಮತ್ತು ಅವರ ಇಬ್ಬರು ಸಹಸಂಶೋಧಕರು ಗಿರಾಕಿಗಳ ಸೋಗಿನಲ್ಲಿ ಬೀದಿಯ ಎಳೆಯ ವ್ಯಾಪಾರಿಗಳ ಬಳಿ ಹೋದರು. ಎಳನೀರು ಕಾಯಿ ಮಾರುವ 12 ವರ್ಷದ ಹುಡುಗನಿಗೆ, ಒಂದಕ್ಕೆ 35 ಕ್ರೂಜೇರೊ ಆದರೆ ಹತ್ತಕ್ಕೆಷ್ಟು ಎಂದು ಕೇಳಿದರು. ಅವನು ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 210, ಮತ್ತೆ ಮೂರಕ್ಕೆ 315, ಒಂದು ಸೇರಿದರೆ 350 ಎಂದು ಲೆಕ್ಕ ಮುಗಿಸಿದ. ಇದೇ ಹುಡುಗ ನಾಲ್ಕು ಕಾಯಿಗೆ 140 ಎಂದು ಬೀದಿಯಲ್ಲಿ ಸರಿಯಾಗಿ ಹೇಳಿ, ಆಮೇಲೆ ಕಾಗದದ ಮೇಲೆ 35 ಗುಣಿಸು 4 ಎಂದು ಕೊಟ್ಟಾಗ 200 ಎಂದು ಬರೆದ. ನಾಲ್ಕೈದಲೆ ಇಪ್ಪತ್ತು, ದಶಕ ಎರಡು. ಆ ಎರಡನ್ನು ಮೊದಲೇ ಮೂರಕ್ಕೆ ಕೂಡಿ ಐದು ಮಾಡಿ, ಐದನ್ನು ನಾಲ್ಕರಿಂದ ಗುಣಿಸಿಬಿಟ್ಟಿದ್ದ. ಬೀದಿಯಲ್ಲಿ ಐದು ಮಕ್ಕಳ ಉತ್ತರಗಳಲ್ಲಿ ಶೇಕಡ 98 ಸರಿ, ಬರೀ ಅಂಕಿಗಳ ಲೆಕ್ಕದಲ್ಲಿ ಶೇಕಡ 37. ಐವರ ಅಧ್ಯಯನ ಬಹಳ ಚಿಕ್ಕದು ಎನ್ನುವವರಿಗೆ 2025ರಲ್ಲಿ ಉತ್ತರ ಸಿಕ್ಕಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ಬಹುದೊಡ್ಡ ಪ್ರಮಾಣದಲ್ಲಿ ಇದೇ ಬಗೆಯ ಅಧ್ಯಯನ ನಡೆಸಿ, ವ್ಯಾಪಾರದ ಮಕ್ಕಳು ಶಾಲೆಯ ಲೆಕ್ಕದಲ್ಲಿ ಎಡವುವಂತೆಯೇ ಶಾಲೆಯಲ್ಲಷ್ಟೇ ಕಲಿತ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವುತ್ತಾರೆ ಎಂದು ತೋರಿಸಿದರು. ಸೇತುವೆ ಎರಡೂ ದಡಗಳಿಂದ ಕಡಿದುಹೋಗಿದೆ.

ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಇದರ ಜೊತೆಗೆ ನಮ್ಮದೇ ಪದಗಳ ಪಡಿಪಾಟಲಿದೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರನ್ನೂ ಆಡುಮಾತಿನಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಪಠ್ಯಪುಸ್ತಕದಲ್ಲಿ ಅವು ಮೂರು ಬೇರೆ ಬೇರೆ ಮಾನಗಳಲ್ಲಿ ಅಳೆಯುವ ಮೂರು ಬೇರೆ ಪರಿಮಾಣಗಳು, ನ್ಯೂಟನ್, ಜೂಲ್, ವ್ಯಾಟ್. ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕಿದೆ ಎಂದು ಉರುಹೊಡೆಯುವ ಮಗುವಿಗೆ ‘ಜವ’ ಎಂಬ ಪದ ಆ ಪುಟದ ಹೊರಗೆ ಎಲ್ಲೂ ಸಿಗುವುದಿಲ್ಲ. ತೂಕವನ್ನು ನ್ಯೂಟನ್‌ನಲ್ಲಿ ಹೇಳಬೇಕೆಂದು ಕಲಿತು ಹೊರಬಂದರೆ ಸಂತೆಯಲ್ಲಿ ಎಲ್ಲರೂ ಕಿಲೋದಲ್ಲಿ ತೂಗುತ್ತಿರುತ್ತಾರೆ. ಇನ್ನೂ ವಿಚಿತ್ರವೆಂದರೆ, ಪಾಠದಲ್ಲಿ ಪರಮಾಣುಗಳು ಕೂಡಿ ಅಣುವಾಗುತ್ತದೆ, ಪತ್ರಿಕೆಯಲ್ಲಿ ಕೈಗಾದ್ದು ಅಣುಸ್ಥಾವರ, ಹಿರೋಷಿಮಾದ ಮೇಲೆ ಬಿದ್ದದ್ದು ಅಣುಬಾಂಬ್. ಅಲ್ಲಿ ಒಡೆಯುವುದು ಅಣುವೂ ಅಲ್ಲ, ಪರಮಾಣುವಿನ ಬೀಜಕೇಂದ್ರ. ಇಂಗ್ಲಿಷಿಗೆ ಹೋದರೆ ಇದು ತಪ್ಪುತ್ತದೆ ಎಂದು ವಾದಿಸುವವರು ಕ್ಲೆಮೆಂಟ್, ಮಜೂರ್ ಅವರ ವಿದ್ಯಾರ್ಥಿಗಳು ಯಾವ ಭಾಷೆಯಲ್ಲಿ ತಪ್ಪಿದರು ಎಂಬುದನ್ನು ಮರೆಯುತ್ತಾರೆ. ಇಂಥ ಪದಗಳ ಮೇಲೆ ತರಗತಿಯಲ್ಲಿ ಹತ್ತು ನಿಮಿಷ ನಿಂತು ಮಾತನಾಡುವುದು ಕಾಲಹರಣವಲ್ಲ, ಅದು ಭೌತಶಾಸ್ತ್ರದ ಪಾಠವೇ.

ಮಜೂರ್ ಕಂಡುಕೊಂಡ ಉಪಾಯಕ್ಕೆ ಯಂತ್ರೋಪಕರಣ ಬೇಕಿಲ್ಲ. ಉಪನ್ಯಾಸವನ್ನು ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಕೇಳುವುದು. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಸೂಚಿಸುವುದು. ಅನಂತರ ಎರಡು ಮೂರು ನಿಮಿಷ ಪಕ್ಕದವರನ್ನು ಒಪ್ಪಿಸಲು ಪ್ರಯತ್ನಿಸುವುದು. ಮತ್ತೆ ಉತ್ತರ ಸೂಚಿಸುವುದು. ನಿನ್ನೆಯಷ್ಟೇ ಅರ್ಥಮಾಡಿಕೊಂಡ ಗೆಳೆಯನಿಗೆ ತಾನು ಎಡವಿದ ಜಾಗ ನೆನಪಿರುತ್ತದೆ, ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಅದು ಮರೆತುಹೋಗಿರುತ್ತದೆ. ಈ ಬಗೆಯ ಬೋಧನೆಯ ಮೇಲಿನ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸರಾಸರಿ ಶೇಕಡ 33.8, ಚರ್ಚೆಯ ತರಗತಿಗಳಲ್ಲಿ 21.8.

ಹೀಗಿದ್ದೂ ವಿದ್ಯಾರ್ಥಿಗಳೇ ಇದನ್ನು ಇಷ್ಟಪಡದಿರುವುದುಂಟು. ಲೂಯಿ ಡೆಲೋರಿಯೆ ಮತ್ತು ಸಹೋದ್ಯೋಗಿಗಳು ಹಾರ್ವರ್ಡ್‌ನಲ್ಲಿ ಒಂದೇ ಪಾಠವನ್ನು ಒಂದು ಗುಂಪಿಗೆ ಸೊಗಸಾದ ಉಪನ್ಯಾಸವಾಗಿಯೂ ಇನ್ನೊಂದಕ್ಕೆ ತಾವೇ ಬಿಡಿಸಬೇಕಾದ ಸಮಸ್ಯೆಗಳಾಗಿಯೂ ಕೊಟ್ಟು, ಮುಂದಿನ ಪಾಠಕ್ಕೆ ಗುಂಪುಗಳನ್ನು ಅದಲುಬದಲು ಮಾಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ತಾವೇ ತಿಣುಕಾಡಿದವರು; ಹೆಚ್ಚು ಕಲಿತೆವೆಂದು ಹೇಳಿಕೊಂಡವರು ಉಪನ್ಯಾಸ ಕೇಳಿದವರು. ಈ ವಿಚಿತ್ರವನ್ನು ಮುಂದಿನ ಒಂದು ತಂಡಕ್ಕೆ ಸೆಮಿಸ್ಟರಿನ ಆರಂಭದಲ್ಲೇ ಅಂಕಿಸಂಖ್ಯೆಗಳ ಸಮೇತ ವಿವರಿಸಿ ಹೇಳಿದಾಗ, ಅವರಲ್ಲಿ ಹೆಚ್ಚಿನವರು ತಿಣುಕಾಡುವ ತರಗತಿಯ ಬಗ್ಗೆ ತಮ್ಮ ಅಭಿಪ್ರಾಯ ಮೆತ್ತಗಾಯಿತೆಂದು ಒಪ್ಪಿಕೊಂಡರು.